ನೋಟ್ಸ್ ಓದುವಾಗ ಎಲ್ಲವೂ ಗೊತ್ತಿದೆ ಎನಿಸುತ್ತದೆ, ಉತ್ತರ ಬರೆಯುವಾಗ ಧೈರ್ಯ ಕುಸಿಯುತ್ತದೆ: ಏನು ಮಾಡಬೇಕು?

ಪ್ರಶ್ನೆ: ಜೀವಶಾಸ್ತ್ರ ವಿದ್ಯಾರ್ಥಿನಿ

ನಾನು ಪದವಿಯ ಎರಡನೆಯ ವರ್ಷದಲ್ಲಿ ಜೀವಶಾಸ್ತ್ರ ಓದುತ್ತಿದ್ದೇನೆ. ತರಗತಿಯಲ್ಲಿ ಹೇಳಿದ್ದನ್ನು ಬಹುಮಟ್ಟಿಗೆ ಒಂದೂ ಬಿಡದೆ ಬರೆದುಕೊಂಡು, ಸಂಜೆ ಅದನ್ನೇ ಇನ್ನೊಂದು ಪುಸ್ತಕಕ್ಕೆ ಅಂದವಾಗಿ ಇಳಿಸಿ, ಶೀರ್ಷಿಕೆಗಳಿಗೆ ಒಂದು ಬಣ್ಣ, ವ್ಯಾಖ್ಯೆಗಳಿಗೆ ಇನ್ನೊಂದು ಬಣ್ಣ ಎಂದು ಗುರುತು ಹಾಕುತ್ತೇನೆ. ಪರೀಕ್ಷೆ ಹತ್ತಿರ ಬಂದಾಗ ಆ ಪುಸ್ತಕವನ್ನು ಮತ್ತೆ ಮತ್ತೆ ಓದುತ್ತೇನೆ. ಯಾವ ಪುಟದ ಯಾವ ಮೂಲೆಯಲ್ಲಿ ಏನಿದೆ ಎಂಬುದು ಸಹ ಕಣ್ಣಿಗೆ ಕಟ್ಟಿದಂತಿರುತ್ತದೆ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಸಾಕು, ಪುಟದ ಚಿತ್ರ ಮಾತ್ರ ಉಳಿದು ವಿಷಯ ಕೈಕೊಡುತ್ತದೆ. ಪ್ರತಿ ಪರೀಕ್ಷೆಯ ನಂತರವೂ ನನ್ನ ಮೇಲೆ ನನಗಿದ್ದ ನಂಬಿಕೆ ಇನ್ನಷ್ಟು ಕರಗುತ್ತಿದೆ. ಮೊದಲು ಸರಿಪಡಿಸಬೇಕಾದದ್ದು ನನ್ನ ನೋಟ್ಸನ್ನೇ, ಓದುವ ಕ್ರಮವನ್ನೇ ಅಥವಾ ಆತ್ಮವಿಶ್ವಾಸವನ್ನೇ ಎಂಬುದು ತಿಳಿಯುತ್ತಿಲ್ಲ. ಅನುಭವವಿದ್ದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ: ನಿವೃತ್ತ ಉಪನ್ಯಾಸಕ, ಶರೀರಕ್ರಿಯಾಶಾಸ್ತ್ರ

ನೀವು ಮೂರು ತೊಂದರೆಗಳೆಂದು ಎಣಿಸಿರುವುದು ನನಗೆ ಒಂದೇ ತೊಂದರೆಯಾಗಿ ಕಾಣುತ್ತಿದೆ. ಓದುವಾಗ ಸಾಲುಗಳು ಪರಿಚಿತವೆನಿಸುವುದು ಬೇರೆ, ಪುಸ್ತಕ ಮುಚ್ಚಿದ ಮೇಲೆ ಆ ವಿಷಯವನ್ನು ನೆನಪಿನಿಂದ ಹೊರತೆಗೆದು ಹೇಳಬಲ್ಲದ್ದು ಬೇರೆ. ಪರೀಕ್ಷೆ ಕೇಳುವುದು ಎರಡನೆಯದನ್ನು. ನೀವು ದಿನವೂ ಅಭ್ಯಾಸ ಮಾಡುತ್ತಿರುವುದು ಮೊದಲನೆಯದನ್ನು.

ಇದನ್ನು ಸ್ಪಷ್ಟವಾಗಿ ತೋರಿಸಿದ ಪ್ರಯೋಗವೊಂದನ್ನು ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದರು. ಗದ್ಯಭಾಗವನ್ನು ಒಮ್ಮೆ ಓದಿದ ವಿದ್ಯಾರ್ಥಿಗಳು ಒಂದು ಸಂದರ್ಭದಲ್ಲಿ ಅದನ್ನು ಇನ್ನೊಮ್ಮೆ ಓದಿದರು, ಇನ್ನೊಂದು ಸಂದರ್ಭದಲ್ಲಿ ಓದುವ ಬದಲು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದ ಭಾಗವೇ ಹೆಚ್ಚು ನೆನಪಿನಲ್ಲಿತ್ತು: ಶೇ. 81, ಬರೆದ ಭಾಗ ಶೇ. 75. ಒಂದು ವಾರದ ನಂತರ ಲೆಕ್ಕ ತಿರುಗಿಬಿದ್ದು, ಮತ್ತೆ ಓದಿದ್ದರಲ್ಲಿ ಶೇ. 42, ನೆನಪಿನಿಂದ ಬರೆದದ್ದರಲ್ಲಿ ಶೇ. 56 ಉಳಿದಿತ್ತು. ಅದೇ ಅಧ್ಯಯನದ ಎರಡನೆಯ ಭಾಗದಲ್ಲಿ, ಒಂದು ವಾರದ ನಂತರ ನಿಮಗೆ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದಾಗ, ಹೆಚ್ಚು ಭರವಸೆಯಿಂದ ಉತ್ತರಿಸಿದವರು ಪದೇ ಪದೇ ಓದಿದ ಗುಂಪಿನವರೇ. ನಿಮ್ಮ ಸ್ಥಿತಿಯೂ ಬಹುಶಃ ಇದೇ. ಪರೀಕ್ಷೆಯ ಹಿಂದಿನ ರಾತ್ರಿ ನಿಮಗಿರುವ ಧೈರ್ಯ ಪರಿಚಯದ ಮೇಲೆ ನಿಂತದ್ದಾದ್ದರಿಂದ, ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಅದು ಕುಸಿಯುತ್ತದೆ.

ಇನ್ನು ನೋಟ್ಸಿನ ವಿಷಯ. ಬರೆಯುವ ಹೊತ್ತಿನಲ್ಲಿ ಮನಸ್ಸು ವಿಷಯದೊಡನೆ ಸೆಣಸುವುದು ಒಂದು ಪ್ರಯೋಜನ, ಮುಂದೆ ತೆರೆದು ನೋಡಲು ದಾಖಲೆಯೊಂದು ಉಳಿಯುವುದು ಇನ್ನೊಂದು. ಒಂದಕ್ಷರವೂ ಬಿಡದೆ ಬರೆಯಲು ಹೊರಟಾಗ ಎರಡನೆಯದು ದೊರೆತು ಮೊದಲನೆಯದು ತಪ್ಪುತ್ತದೆ, ಏಕೆಂದರೆ ಕೈಗೆ ಬಿಡುವಿಲ್ಲದಾಗ ಯೋಚನೆಗೂ ಬಿಡುವಿರುವುದಿಲ್ಲ. ಸಂಜೆ ಅಂದವಾಗಿ ಇಳಿಸುವ ಕೆಲಸಕ್ಕಂತೂ ನನ್ನ ಸ್ಪಷ್ಟ ವಿರೋಧವಿದೆ. ಓದಿದ ತೃಪ್ತಿಯನ್ನು ಅದರಷ್ಟು ಅಗ್ಗವಾಗಿ ಕೊಡುವ ಕೆಲಸ ಬೇರೊಂದಿಲ್ಲ.

ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ 1950ರ ದಶಕದಲ್ಲಿ ರೂಪಿಸಿದ ಪುಟವಿನ್ಯಾಸವನ್ನು ಪ್ರಯತ್ನಿಸಿ. ಪುಟದ ಎಡಕ್ಕೆ ಸುಮಾರು ಎರಡೂವರೆ ಅಂಗುಲದ ಅಂಚು, ಬಲಕ್ಕೆ ಆರು ಅಂಗುಲ, ಕೆಳಗೆ ಎರಡು ಅಂಗುಲ ಜಾಗ. ತರಗತಿಯಲ್ಲಿ ಬಲಭಾಗದಲ್ಲಿ ಮಾತ್ರ ಬರೆಯಬೇಕು. ಅದೇ ದಿನ ಎಡದ ಅಂಚಿನಲ್ಲಿ ಆ ಬರಹಕ್ಕೆ ತಕ್ಕ ಪ್ರಶ್ನೆಗಳನ್ನೂ, ಕೆಳಗೆ ಸಾರಾಂಶದ ಎರಡು ಮೂರು ವಾಕ್ಯಗಳನ್ನೂ ಬರೆಯಬೇಕು. ಓದುವಾಗ ಬಲಭಾಗವನ್ನು ಒಂದು ಹಾಳೆಯಿಂದ ಮುಚ್ಚಿ, ಎಡದ ಪ್ರಶ್ನೆಗಳಿಗೆ ಗಟ್ಟಿಯಾಗಿ ಉತ್ತರ ಹೇಳಿ ನಂತರ ತೆರೆದು ನೋಡಬೇಕು.

ಅಂಚಿನಲ್ಲಿ ಬರೆಯುವ ಪ್ರಶ್ನೆ ಎಂತಹದು ಎಂಬುದರ ಮೇಲೆಯೇ ಬಹುಪಾಲು ಫಲ ನಿಂತಿದೆ. ಮೂತ್ರಪಿಂಡದ ಪಾಠವನ್ನೇ ತೆಗೆದುಕೊಳ್ಳಿ. ಬಲಭಾಗದಲ್ಲಿ ‘ಗ್ಲೋಮೆರುಲಸ್‌ನಲ್ಲಿ (ರಕ್ತ ಸೋಸುವ ಸೂಕ್ಷ್ಮ ರಕ್ತನಾಳಗಳ ಗೊಂಚಲಿನಲ್ಲಿ) ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಲ್ಪಡುತ್ತದೆ, ಮೂತ್ರ ಸುಮಾರು ಒಂದೂವರೆ ಲೀಟರ್’ ಎಂದು ಇದೆಯೆನ್ನಿ. ‘ಎಷ್ಟು ಲೀಟರ್ ಸೋಸಲ್ಪಡುತ್ತದೆ?’ ಎಂಬ ಪ್ರಶ್ನೆ ಬರೆದರೆ ನೀವು ಮತ್ತೆ ಬಾಯಿಪಾಠಕ್ಕೆ ಮರಳಿದಿರಿ. ‘ಇಷ್ಟೊಂದು ಸೋಸಿದ ಮೇಲೂ ಮೂತ್ರ ಇಷ್ಟು ಕಡಿಮೆ ಏಕೆ?’ ಎಂದು ಬರೆದರೆ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ನಡೆಯುವ ಮರುಹೀರಿಕೆಯನ್ನು, ಅಂದರೆ ಸೋಸಿದ ದ್ರವದ ಬಹುಪಾಲು ರಕ್ತಕ್ಕೆ ಮರಳುವುದನ್ನು, ಹೇಳಲೇಬೇಕಾಗುತ್ತದೆ. ‘ನೀರು ಕುಡಿಯದೆ ಇದ್ದ ದಿನ ಮೂತ್ರದ ಪ್ರಮಾಣ ಏನಾಗುತ್ತದೆ, ಯಾವ ಹಾರ್ಮೋನು ಅದಕ್ಕೆ ಕಾರಣ?’ ಎಂದು ಮುಂದುವರಿಸಿದರೆ, ತಿರುಗಿಸಿ ಕೇಳಿದ ಪ್ರಶ್ನೆ ಎಂದು ನೀವು ಅಂಜುವುದನ್ನು ನೀವೇ ನಿಮಗೆ ಕೇಳಿಕೊಂಡಂತಾಯಿತು.

ಉತ್ತರ: ಗಣಿತದ ಸ್ನಾತಕೋತ್ತರ ವಿದ್ಯಾರ್ಥಿ

ಸರ್ ಹೇಳಿದ ಕ್ರಮ ವಿವರಣೆಯ ವಿಷಯಗಳಿಗೆ ಒಪ್ಪುತ್ತದೆ. ಗಣಿತ, ಭೌತಶಾಸ್ತ್ರಗಳಿಗೆ ಅದನ್ನು ಹಾಗೆಯೇ ಅನ್ವಯಿಸಿದರೆ ನಿರಾಶೆಯಾದೀತು. ಅಲ್ಲಿ ಬಿಡಿಸಿದ ಲೆಕ್ಕವೇ ನೋಟ್ಸ್. ಲೆಕ್ಕದ ಹೇಳಿಕೆಯನ್ನು ಮಾತ್ರ ನೋಡಿ, ಪರಿಹಾರವನ್ನು ಮುಚ್ಚಿಟ್ಟು ಮೊದಲಿನಿಂದ ಬಿಡಿಸಬೇಕು. ಕೈ ನಿಂತ ಹೆಜ್ಜೆಯ ಪಕ್ಕದಲ್ಲಿ ಅಲ್ಲಿ ಯಾವ ಯೋಚನೆ ಹೊಳೆಯಬೇಕಿತ್ತು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಬೇಕು. ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಬಿಡಿಸುವ ಬದಲು ಬೇರೆ ಬೇರೆ ಅಧ್ಯಾಯಗಳವನ್ನು ಬೆರೆಸಿಕೊಂಡರೆ, ಯಾವ ವಿಧಾನ ಬಳಸಬೇಕೆಂದು ಗುರುತಿಸುವ ಅಭ್ಯಾಸವೂ ಆಗುತ್ತದೆ. ಅಧ್ಯಾಯದ ಕೊನೆಯ ಲೆಕ್ಕಗಳಲ್ಲಿ ಆ ಗುರುತಿಸುವ ಕೆಲಸವೇ ಇರುವುದಿಲ್ಲ, ಏಕೆಂದರೆ ಅಧ್ಯಾಯದ ಹೆಸರೇ ವಿಧಾನವನ್ನು ಹೇಳಿಬಿಟ್ಟಿರುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಬರೆದರೆ ಕಲಿಕೆ ಹಾಳು, ಕೈಬರಹವೇ ಶ್ರೇಷ್ಠ ಎಂಬ ಮಾತನ್ನು ಯಾರಾದರೂ ಎತ್ತುತ್ತಾರೆಂದು ಈಗಲೇ ಹೇಳಿಬಿಡುತ್ತೇನೆ. 2014ರ ಮುಲ್ಲರ್ ಮತ್ತು ಓಪನ್‌ಹೈಮರ್ ಅವರ ಅಧ್ಯಯನ ಹಾಗೆ ಸೂಚಿಸಿತ್ತು ನಿಜ, ಆದರೆ ನಂತರ ಅದನ್ನು ಮರಳಿ ನಡೆಸಿದವರಿಗೆ ಅಷ್ಟು ಸ್ಪಷ್ಟವಾದ ಅಂತರ ಸಿಗಲಿಲ್ಲ. ಯಾವುದರಲ್ಲಿ ಬರೆದರೂ, ಕೇಳಿದ್ದನ್ನು ಕೇಳಿದ ಹಾಗೆಯೇ ಇಳಿಸದಿದ್ದರೆ ಸಾಕು.

ಜೀವಶಾಸ್ತ್ರ ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದಗಳು. ಸರ್ ಹೇಳಿದಂತೆ ನರಕೋಶದ ಪಾಠವನ್ನು ಮುಚ್ಚಿಟ್ಟು ಬರೆಯಲು ಕುಳಿತೆ. ಅರ್ಧದಷ್ಟೂ ಬರಲಿಲ್ಲ. ಇದನ್ನು ದಿನವೂ ಮಾಡಿದರೆ ಧೈರ್ಯ ಹೆಚ್ಚುವ ಬದಲು ಇರುವುದೂ ಹೋದೀತೆಂಬ ಭಯವಾಗುತ್ತಿದೆ. ಇನ್ನೊಂದು ಸಂದೇಹ: ಈಗಾಗಲೇ ಬರೆದಿಟ್ಟಿರುವ ನೋಟ್ಸನ್ನೆಲ್ಲ ಹೊಸ ವಿನ್ಯಾಸದಲ್ಲಿ ಮತ್ತೆ ಬರೆಯಬೇಕೇ?

ಉತ್ತರ: ವಿದ್ಯಾರ್ಥಿ ಆಪ್ತಸಮಾಲೋಚಕಿ

ಮೊದಲ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ಮನೆಯಲ್ಲಿ ಪುಸ್ತಕ ಮುಚ್ಚಿದಾಗ ಕಂಡ ಆ ಕೊರತೆ ಹಿಂದೆಯೂ ಇತ್ತು, ಪರೀಕ್ಷೆಯ ಕೊಠಡಿಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಈಗ ತಿದ್ದಲು ಸಮಯವಿರುವಾಗಲೇ ಕಂಡಿದೆ. ಮರೆವು ನಿಮ್ಮೊಬ್ಬರ ದೌರ್ಬಲ್ಯವೂ ಅಲ್ಲ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ತನ್ನ ಮೇಲೆಯೇ ಪ್ರಯೋಗ ನಡೆಸಿದ ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮರೆವಿನ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲಿಯೇ ನಡೆದುಹೋಗಿ ಆಮೇಲೆ ನಿಧಾನವಾಗುತ್ತದೆ. ಆದ್ದರಿಂದಲೇ ಮೊದಲ ಮರುನೆನಪು ಮರುದಿನವೇ ಆಗಬೇಕು. ಅನಂತರದವುಗಳ ನಡುವಿನ ಅಂತರ ಹೆಚ್ಚುತ್ತ ಹೋಗಬಹುದು.

ಆತ್ಮವಿಶ್ವಾಸ ಹೆಚ್ಚಿಸುವ ಭಾಷಣಗಳ ಮೇಲೆ ನನಗೆ ಹೆಚ್ಚಿನ ಒಲವಿಲ್ಲ, ವೃತ್ತಿಯಿಂದ ನಾನೇ ಅಂಥ ಮಾತುಗಳನ್ನು ಆಡಬೇಕಾದವಳಾದರೂ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ, ಒಂದು ಕೆಲಸ ನನ್ನಿಂದಾಗುತ್ತದೆ ಎಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಹೇಳಿದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಗೆಲ್ಲುವುದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ಮತ್ತು ಎದೆಬಡಿತದಂತಹ ದೇಹದ ಸೂಚನೆಗಳನ್ನು ತಾನು ಅರ್ಥೈಸುವ ಬಗೆ. ಇವುಗಳಲ್ಲಿ ಮೊದಲನೆಯದೇ ಪ್ರಬಲ ಎಂಬುದು ಅವರ ನಿಲುವಾಗಿತ್ತು. ‘ನಿನ್ನಿಂದಾಗುತ್ತದೆ’ ಎಂದು ಮನೆಯವರೆಲ್ಲ ಹೇಳಿದರೂ, ಹಿಂದಿನ ವಾರ ಬಾರದಿದ್ದ ಉತ್ತರ ಈ ವಾರ ಬಂದದ್ದಕ್ಕೆ ಅದು ಸಮನಾಗದು.

ಆ ಗೆಲುವು ಕಣ್ಣಿಗೆ ಕಾಣುವಂತಿರಲಿ. ಪ್ರತಿ ಪ್ರಶ್ನೆಗೆ ಉತ್ತರಿಸುವ ಮೊದಲು ‘ಖಚಿತ’, ‘ಅನುಮಾನ’ ಅಥವಾ ‘ಬಾರದು’ ಎಂದು ಅಂಚಿನಲ್ಲಿ ಒಂದು ಗುರುತು ಹಾಕಿ, ಉತ್ತರಿಸಿ, ಸರಿಯೋ ತಪ್ಪೋ ನೋಡಿ. ಖಚಿತವೆಂದದ್ದು ತಪ್ಪಾಗಿದ್ದರೆ ಅಲ್ಲಿಗೆ ಮೊದಲು ಮರಳಿ, ಏಕೆಂದರೆ ಪರೀಕ್ಷೆಯಲ್ಲಿ ನಿಮ್ಮನ್ನು ಹಳ್ಳಕ್ಕೆ ಬೀಳಿಸುವುದು ಅದೇ. ಅನುಮಾನವೆಂದದ್ದು ಸರಿಯಾಗಿದ್ದರೆ ನಿಮ್ಮನ್ನು ನೀವು ಕಡಿಮೆ ಅಂದಾಜು ಮಾಡುತ್ತಿದ್ದೀರಿ ಎಂದರ್ಥ, ಮತ್ತು ಕುಗ್ಗಿದ ವಿದ್ಯಾರ್ಥಿಗಳಲ್ಲಿ ಇದು ಅವರು ಊಹಿಸಿದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕೆಲವು ವಾರ ಕಳೆದ ಮೇಲೆ ಗುರುತೂ ಫಲಿತಾಂಶವೂ ಹೊಂದಿಕೊಳ್ಳತೊಡಗುತ್ತವೆ. ನನಗೆ ಬೇಕೆನಿಸುವ ಆತ್ಮವಿಶ್ವಾಸ ಆ ಹೊಂದಿಕೆಯೇ. ಅದರಲ್ಲಿ ‘ಇದು ನನಗೆ ಬಾರದು’ ಎಂದು ಅಳುಕಿಲ್ಲದೆ ಹೇಳುವುದಕ್ಕೂ ಜಾಗವಿದೆ.

ಉತ್ತರ: ನಿವೃತ್ತ ಉಪನ್ಯಾಸಕ, ಶರೀರಕ್ರಿಯಾಶಾಸ್ತ್ರ

ಮೇಡಂ ಹೇಳಿದ ಗುರುತಿನ ಕ್ರಮವನ್ನು ಕಾರ್ನೆಲ್ ಅಂಚಿನಲ್ಲಿಯೇ ಹಾಕಬಹುದು, ಬೇರೆ ಪುಸ್ತಕ ಬೇಡ.

ಹಳೆಯ ನೋಟ್ಸನ್ನು ಮತ್ತೆ ಬರೆಯಲು ಕೂರಬೇಡಿ. ಅದು ಅದೇ ಹಳೆಯ ಚಾಳಿ. ಎರಡೂವರೆ ಅಂಗುಲ ಅಗಲದ ಕಾಗದದ ಪಟ್ಟಿಗಳನ್ನು ಕತ್ತರಿಸಿ, ಪುಟಕ್ಕೆ ಮೂರೋ ನಾಲ್ಕೋ ಪ್ರಶ್ನೆ ಬರೆದು, ಆಯಾ ಪುಟದ ನಡುವೆ ಇಟ್ಟುಕೊಂಡರೆ ಸಾಕು. ಮುಂದಿನ ಪರೀಕ್ಷೆಗೆ ಯಾವ ಅಧ್ಯಾಯಗಳಿವೆಯೋ ಅಲ್ಲಿಂದ ಆರಂಭಿಸಿ, ಉಳಿದವುಗಳನ್ನು ಅವುಗಳ ಸರದಿ ಬಂದಾಗ ನೋಡಿಕೊಳ್ಳಿ. ನರಕೋಶದ ಪಾಠದಲ್ಲಿ ಬಾರದೆ ಹೋದ ಅರ್ಧ ಯಾವುದೆಂದು ಈಗ ನಿಮಗೆ ಗೊತ್ತಿದೆಯಲ್ಲ, ಮೊದಲ ಪಟ್ಟಿಗೆ ಬೇಕಾದ ಪ್ರಶ್ನೆಗಳು ಅಲ್ಲಿಯೇ ಇವೆ.