ಕೊಡಗಿನ ಮಳೆಗೆ ಹಿಮಾಲಯನ್ 411: ಮೊದಲು ಏನು ಬದಲಾಯಿಸಲಿ?

ಕುಶಾಲನಗರ ಸವಾರ

ಎಲ್ಲರಿಗೂ ನಮಸ್ಕಾರ. 2021ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೇನೆ. ಮೊದಲಿನವರು ಗಾಡಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ, ಹೊರಗಿನ ಸಾಮಾನು ಏನೂ ಹಾಕಿಸಿಲ್ಲ. ಜುಲೈ ಕೊನೆಗೆ ನಾವು ಐದು ಜನ ಗೆಳೆಯರು ಮಡಿಕೇರಿ, ಭಾಗಮಂಡಲ, ನಾಪೋಕ್ಲು, ಕಕ್ಕಬ್ಬೆ, ವಿರಾಜಪೇಟೆ ಅಂತ ಒಂದು ಸುತ್ತು ಹೊರಟಿದ್ದೇವೆ. ನಡುವೆ ಒಬ್ಬ ಗೆಳೆಯನ ತೋಟದ ಮಣ್ಣು ರಸ್ತೆಯೂ ಬರುತ್ತದೆ.

ಕೈಯಲ್ಲಿ 40 ಸಾವಿರ ಇದೆ. ಗುಂಪಿನಲ್ಲಿ ಒಬ್ಬ ಸೈಲೆನ್ಸರ್ ಬದಲಾಯಿಸು ಅನ್ನುತ್ತಾನೆ. ಇನ್ನೊಬ್ಬ ಮೂರು ಅಲ್ಯೂಮಿನಿಯಂ ಬಾಕ್ಸ್ ಹಾಕಿಸು ಅನ್ನುತ್ತಾನೆ. ಮತ್ತೊಬ್ಬನಿಗೆ ನಾಲ್ಕು ಫಾಗ್ ಲೈಟ್ ಮತ್ತು ಬಟನ್ ಟೈರ್ (ಬಿಡಿಬಿಡಿಯಾದ ದಪ್ಪ ಗುಬ್ಬಿಗಳಿರುವ ಟೈರ್) ಇಲ್ಲದಿದ್ದರೆ ಅದು ಅಡ್ವೆಂಚರ್ ಗಾಡಿಯೇ ಅಲ್ಲ. ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. ಗಾಡಿ ನಿಲ್ಲಿಸಿದಾಗ ತುದಿಗಾಲಷ್ಟೇ ನೆಲಕ್ಕೆ ಸಿಗುತ್ತದೆ, ಆ ಚಿಂತೆ ಬೇರೆ. ಇಲ್ಲಿಯ ಮಳೆಯಲ್ಲಿ ಓಡಿಸಿ ಗೊತ್ತಿರುವವರು ದಯವಿಟ್ಟು ಹೇಳಿ.

ನಾಪೋಕ್ಲು 411

ಮಳೆಗಾಲವಿಡೀ ಇದೇ ಗಾಡಿಯಲ್ಲಿ ತೋಟಕ್ಕೂ ಪೇಟೆಗೂ ಓಡಾಡುವವನು ನಾನು. ಭಾನುವಾರ ಬಿಡುವಾದರೆ ಗೆಳೆಯರ ಜೊತೆ ಸುತ್ತಾಟ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಟೈರ್, ಬ್ರೇಕ್ ಪ್ಯಾಡ್, ಚೈನ್. ದುಡ್ಡು ಅಲ್ಲಿ ಹಾಕಿ. ಉಳಿದರೆ ಬೇರೆ ನೋಡೋಣ.

ಹೊರಗಿನಿಂದ ಬಂದವರಿಗೆ ಕೆಸರಿನ ಭಯ. ನಮ್ಮಲ್ಲಿ ಜನ ಜಾಸ್ತಿ ಬೀಳುವುದು ಟಾರ್ ರಸ್ತೆಯಲ್ಲಿ. ಎರಡೂ ಕಡೆ ತೋಟದ ಮರ, ಜೂನ್‌ನಿಂದ ಬಿಸಿಲೇ ತಾಗುವುದಿಲ್ಲ. ಚಕ್ರ ಓಡದ ಜಾಗದಲ್ಲಿ, ಅಂದರೆ ಅಂಚಿನಲ್ಲಿ ಮತ್ತು ನಡುವಿನಲ್ಲಿ, ಪಾಚಿ ಕಟ್ಟುತ್ತದೆ. ಅದರ ಮೇಲೆ ಸಿಲ್ವರ್ ಓಕ್ ಎಲೆ. ತಿರುವು ದಾಟಿದರೆ ತೋಟದ ಗೇಟಿನಿಂದ ಟ್ರ್ಯಾಕ್ಟರ್ ಎಳೆದು ತಂದ ಕೆಂಪು ಮಣ್ಣು. ಇಂಥ ಕಡೆ ಬಟನ್ ಟೈರಿಗೆ ಹಿಡಿತ ಸಿಗುವುದಿಲ್ಲ, ಟಾರ್ ಮುಟ್ಟುವ ರಬ್ಬರೇ ಅದರಲ್ಲಿ ಕಮ್ಮಿ. ಟಾರಿಗೂ ಮಣ್ಣಿಗೂ ಆಗುವ ಡ್ಯುಯಲ್ ಟೈರ್ ಸಾಕು. ಅಳತೆ ಕಂಪನಿಯದ್ದೇ ಇರಲಿ: ಮುಂದೆ 90/90-21, ಹಿಂದೆ 120/90-17. ತಯಾರಾದ ವಾರ ಮತ್ತು ವರ್ಷ ಟೈರಿನ ಬದಿಯಲ್ಲಿ ನಾಲ್ಕು ಅಂಕಿಯಲ್ಲಿ ಇರುತ್ತದೆ, ನೋಡಿ ತಗೊಳ್ಳಿ. ಈಗ ಗಾಡಿಯಲ್ಲಿರುವುದು 2021ರದ್ದೇ ಆದರೆ, ಗುಬ್ಬಿ ಎಷ್ಟೇ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಬದಲಾಯಿಸಿ.

ಗಾಳಿ ಮುಂದೆ 25, ಹಿಂದೆ 32 ಪಿಎಸ್‌ಐ ಇರಲಿ. ತೋಟದ ರಸ್ತೆಗೆ ಇಳಿಯುವಾಗ ನಾನು ನಾಲ್ಕೈದು ಇಳಿಸುತ್ತೇನೆ. ಅದಕ್ಕಿಂತ ಇಳಿಸಬೇಡಿ. ಇದು ಟ್ಯೂಬ್ ಇರುವ ಚಕ್ರ. ಕಲ್ಲಿಗೆ ಹೊಡೆದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬ್ ಹರಿಯುತ್ತದೆ.

21 ಇಂಚಿನ ಟ್ಯೂಬ್ ಒಂದು ಬ್ಯಾಗಿನಲ್ಲಿರಲಿ. ಸಣ್ಣ ಪೇಟೆಯ ಪಂಕ್ಚರ್ ಅಂಗಡಿಯಲ್ಲಿ ಆ ಅಳತೆ ಸಿಗುವುದು ಕಷ್ಟ. ತೀರಾ ಕೈಕೊಟ್ಟಾಗ ಅದನ್ನೇ ಹಿಂದಿನ ಚಕ್ರಕ್ಕೂ ಹಾಕಿಕೊಂಡು ನಿಧಾನವಾಗಿ ಮುಂದಿನ ಪೇಟೆ ತಲುಪಬಹುದು. ಟೈರ್ ಲಿವರ್, ಕೈಪಂಪು, ಪ್ಯಾಚ್ ಕೂಡ ಇರಲಿ. ಮನೆ ಅಂಗಳದಲ್ಲಿ ಒಮ್ಮೆ ಚಕ್ರ ಬಿಚ್ಚಿ ಹಾಕಿ ಕಲಿಯಿರಿ.

ಸೈಲೆನ್ಸರ್ ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಸಿದ್ದಾಪುರ, ಚೆಟ್ಟಳ್ಳಿ ಕಡೆ ಆನೆಗಳು ಹಗಲಲ್ಲೂ ಕಾಫಿ ತೋಟದೊಳಗೇ ನಿಂತಿರುತ್ತವೆ, ಸಂಜೆ ಮುಂಜಾನೆ ರಸ್ತೆ ದಾಟುತ್ತವೆ. ನಮಗೆ ಮೊದಲು ಸಿಗುವ ಸುಳಿವು ಕೊಂಬೆ ಮುರಿಯುವ ಸದ್ದು. ನಿಮ್ಮ ಗಾಡಿಯೇ ಗುಡುಗುತ್ತಿದ್ದರೆ ಅದು ಕೇಳುವುದಿಲ್ಲ. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ರೇಸ್ ಕೊಡುವುದು ಬೇಡ. ಗಾಡಿ ತಿರುಗಿಸಿಕೊಂಡು ಹಿಂದಕ್ಕೆ ಬನ್ನಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂಥ ಕೆಲಸ ಮಾಡಿಸುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ. ಆರು ತಿಂಗಳ ತನಕ ಜೈಲೂ ಆಗಬಹುದು.

ಬಾಕ್ಸ್ ವಿಷಯ. ಗಾಡಿಯೇ 199 ಕೆಜಿ. ಅದರ ಮೇಲೆ ಲೋಹದ ಬಾಕ್ಸ್, ಅದಕ್ಕೊಂದು ಫ್ರೇಮ್. ಕೆಸರಿನಲ್ಲಿ ಕಾಲು ಊರಿದಾಗ ಗಾಡಿ ಮುಂದೆ ಜಾರಿದರೆ ಆ ಬಾಕ್ಸ್ ಮೀನಖಂಡಕ್ಕೆ ಬಂದು ಬಡಿಯುತ್ತದೆ, ಕಾಲು ಮುರಿಯುವುದು ಹೀಗೆಯೇ. ನಮ್ಮ ರಸ್ತೆಯಲ್ಲಿ ಎದುರಿಂದ ಜೀಪ್ ಬಂದರೆ ಅಗಲದ ಕಷ್ಟ ಬೇರೆ. ನೀರು ನುಗ್ಗದ ಬಟ್ಟೆಯ ಬ್ಯಾಗ್ ಕಟ್ಟಿಕೊಳ್ಳಿ.

ಇಂಜಿನ್ ಕೆಳಗಿನ ತಗಡು ಕಂಪನಿಯಿಂದಲೇ ಬಂದಿದೆ, ಇನ್ನೊಂದು ಬೇಡ. ತೊಳೆಯುವಾಗ ಅದರೊಳಗೆ ಕೂತ ಮಣ್ಣು ತೆಗೆಸಿ. ಕೈಗೆ ಹ್ಯಾಂಡ್ ಗಾರ್ಡ್ ಹಾಕಿಸಿ. ಒಳಗೆ ಲೋಹದ ಪಟ್ಟಿ ಇರುವಂಥದ್ದು ತಗೊಳ್ಳಿ. ಬಿದ್ದಾಗ ಕ್ಲಚ್, ಬ್ರೇಕ್ ಲಿವರ್ ಉಳಿಯುತ್ತವೆ.

ಸೋಮವಾರಪೇಟೆ ಎಕ್ಸ್‌ಪಲ್ಸ್

ಅಣ್ಣ ಹೇಳಿದ್ದರಲ್ಲಿ ಟೈರ್ ವಿಷಯಕ್ಕೆ ಮಾತ್ರ ನನ್ನ ತಕರಾರು. ನಾವು ಪುಷ್ಪಗಿರಿ ಬುಡದ ಕಚ್ಚಾ ರಸ್ತೆಗಳಲ್ಲೇ ಓಡಾಡುವವರು. ಅಲ್ಲಿ ಜೇಡಿ ಮಣ್ಣು. ಡ್ಯುಯಲ್ ಟೈರಿನ ಸಂದಿಯಲ್ಲಿ ಮಣ್ಣು ತುಂಬಿಕೊಂಡರೆ ಮುಗಿಯಿತು, ಏರು ಹತ್ತುವುದೇ ಇಲ್ಲ. ಬಟನ್ ಟೈರ್ ಚಕ್ರ ತಿರುಗುತ್ತಾ ಮಣ್ಣನ್ನು ಉದುರಿಸಿಕೊಳ್ಳುತ್ತದೆ. ಅರ್ಧಕ್ಕಿಂತ ಜಾಸ್ತಿ ಮಣ್ಣಿನಲ್ಲೇ ಓಡುವವರಿಗೆ ಅದೇ ಸರಿ.

ನಾಪೋಕ್ಲು 411

ನೀವು ಹೇಳಿದ್ದು ಒಪ್ಪುತ್ತೇನೆ. ನಿಮ್ಮ ಕಡೆಯ ಏರಿಗೆ ಬಟನ್ನೇ ಬೇಕು. ಇವರ ದಾರಿಯಲ್ಲಿ ಮುಕ್ಕಾಲು ಪಾಲು ಟಾರ್, ಅದಕ್ಕೇ ಹಾಗೆ ಹೇಳಿದೆ.

ಗೋಣಿಕೊಪ್ಪ ಗ್ಯಾರೇಜ್

ಲೈಟ್ ಬಗ್ಗೆ ನಾನು ಹೇಳುತ್ತೇನೆ, ಸರ್. ನಾಲ್ಕು ಬೇಡ, ಎರಡು ಸಾಕು. ಹಳದಿ ಬೆಳಕು, ಹೆಡ್‌ಲೈಟಿಗಿಂತ ಕೆಳಗೆ ಕೂರಿಸಿ. ಮಂಜಿನಲ್ಲಿ ಬಿಳಿ ಬೆಳಕನ್ನು ಮೇಲಿಂದ ಬಿಟ್ಟರೆ ಅದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ವೈರಿಂಗ್‌ಗೆ ರಿಲೇ (ಲೈಟಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ಸ್ವಿಚ್) ಮತ್ತು ಫ್ಯೂಸ್ ಇರಲೇಬೇಕು. ಹಾರ್ನ್ ವೈರಿನಿಂದ ಸುಮ್ನೆ ಎಳೆದುಕೊಟ್ಟ ಲೈಟ್ ಮಳೆಗಾಲದಲ್ಲಿ ಸುಟ್ಟು ಬರುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಎರಡನೆಯದು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ. ನಡುವಿನಲ್ಲಿ ಕಟಕ್ ಅಂತ ಸಿಕ್ಕಿದ ಹಾಗಾದರೆ ಬೇರಿಂಗ್ ಹೋಗಿದೆ. ಮಳೆಗೆ ಮುಂಚೆ ಬಿಚ್ಚಿ ಹೊಸ ಗ್ರೀಸ್ ತುಂಬಿಸಿ. ಹಾಗೇ ಚಕ್ರದ ಕಡ್ಡಿಗಳನ್ನೂ ಬಿಗಿ ಮಾಡಿಸಿ. ಕೆಂಪು ಮಣ್ಣಿನಲ್ಲಿ ಮರಳಿದ್ದರೆ ಹಿಂದಿನ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ, ಹೊರಡುವ ಮುಂಚೆ ಹೊಸದು ಹಾಕಿಸಿ. ಚೈನಿಗೆ ದಿನಾ ಸಂಜೆ ಗೇರ್ ಆಯಿಲ್ ಹಚ್ಚಿ. ಗಾಡಿ ಬಿಸಿ ಇದ್ದಾಗ ಹಚ್ಚಿದರೆ ಒಳಗೆ ಇಳಿಯುತ್ತದೆ.

ಕುಶಾಲನಗರ ಸವಾರ

ತುಂಬಾ ಉಪಕಾರವಾಯಿತು. ಸೈಲೆನ್ಸರ್, ಬಾಕ್ಸ್ ಎರಡೂ ಬಿಟ್ಟೆ. ಎತ್ತರಕ್ಕೆ ಏನು ಮಾಡಲಿ? ಹಿಂದಿನ ಸಸ್ಪೆನ್ಶನ್ ತಗ್ಗಿಸಿಕೊಡುತ್ತೇನೆ ಅಂತ ಇಲ್ಲಿ ಒಬ್ಬರು ಹೇಳಿದರು. ಗುಂಪಿನಲ್ಲಿ ಹೋಗುವಾಗ ಏನು ನೋಡಿಕೊಳ್ಳಬೇಕು ಅನ್ನುವುದನ್ನೂ ತಿಳಿಸಿ.

ನಾಪೋಕ್ಲು 411

ತಗ್ಗಿಸಬೇಡಿ. ಈ ಗಾಡಿಯ 220 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್‌ಗಾಗಿಯೇ ಅಲ್ವಾ ಇದನ್ನು ತಗೊಂಡದ್ದು? ಹಿಂದೆ ಮಾತ್ರ ತಗ್ಗಿದರೆ ಹ್ಯಾಂಡಲಿನ ಗುಣವೂ ಕೆಡುತ್ತದೆ. ಸೀಟಿನ ಫೋಮ್ ಮುಂದಿನ ಭಾಗದಲ್ಲಿ, ತೊಡೆ ಬರುವ ಎರಡೂ ಬದಿಗೆ, ಸ್ವಲ್ಪ ಕತ್ತರಿಸಿ ಕಿರಿದು ಮಾಡಿಸಿ. ಕಾಲು ನೇರ ಕೆಳಗೆ ಇಳಿಯುತ್ತದೆ. ಕುಶನ್ ಕೆಲಸದವರು ಒಂದೇ ದಿನದಲ್ಲಿ ಮಾಡಿಕೊಡುತ್ತಾರೆ. ಒಂದು ಕಾಲು ಪೂರ್ತಿ ಊರಲು ಆದರೆ ಸಾಕು. ನಿಲ್ಲಿಸುವಾಗ ದಿಣ್ಣೆ ಇರುವ ಕಡೆ ಆ ಕಾಲು ಇಡಿ.

ಐದು ಜನ ಅಂದರೆ ಗೊತ್ತಿರುವವರು ಒಬ್ಬರು ಮುಂದೆ, ಒಬ್ಬರು ಕೊನೆಗೆ. ಟೂಲ್ಸ್, ಔಷಧಿ ಪೆಟ್ಟಿಗೆ ಕೊನೆಯವರ ಬಳಿ. ನೀವು ಎರಡನೆಯವರಾಗಿ ಹೋಗಿ, ಗುಂಪಿನ ವೇಗ ನಿಮ್ಮದಾಗಿರಲಿ. ಪ್ರತಿ ಕವಲಿನಲ್ಲೂ ಹಿಂದಿನವರು ಕಣ್ಣಿಗೆ ಬೀಳುವ ತನಕ ನಿಲ್ಲಬೇಕು. ಭಾಗಮಂಡಲದಿಂದ ಈಚೆ ಎಷ್ಟೋ ಕಡೆ ಫೋನ್ ಸಿಗುವುದಿಲ್ಲ.

ಗೆಳೆಯನ ತೋಟದಲ್ಲಿ ಚಕ್ರ ಸುತ್ತಿಸಿ ಮಣ್ಣು ಹಾರಿಸಬೇಡಿ ಅಂತ ಎಲ್ಲರಿಗೂ ಹೇಳಿ. ಆ ಗೆರೆಯಲ್ಲೇ ಮುಂದಿನ ಮಳೆಯ ನೀರು ಹರಿಯುತ್ತದೆ, ರಸ್ತೆ ಕೊಚ್ಚಿಕೊಂಡು ಹೋಗುತ್ತದೆ. ಮತ್ತೆ ಕಲ್ಲು ತುಂಬಿಸುವ ಖರ್ಚು ತೋಟದವರದ್ದು. ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ, ಮಕ್ಕಳು ಶಾಲೆಗೆ ನಡೆದು ಹೋಗುವುದೂ ಅದೇ ದಾರಿಯಲ್ಲಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜಾರಿದ್ದು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಆದದ್ದು ನಿಮಗೂ ಗೊತ್ತು. ಫೋಟೊ ತೆಗೆಯಲು ಅಂತ ಕಣಿವೆ ಅಂಚಿನಲ್ಲಿ ಐದು ಗಾಡಿ ಸಾಲಾಗಿ ನಿಲ್ಲಿಸಬೇಡಿ. ಕಾವೇರಿ ಉಕ್ಕಿದರೆ ಭಾಗಮಂಡಲದಿಂದ ನಾಪೋಕ್ಲಿಗೆ ಬರುವ ರಸ್ತೆಯ ಮೇಲೆ ನೀರು ನಿಲ್ಲುತ್ತದೆ. ನೀರಿನಡಿ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಕಾಣುವುದಿಲ್ಲ, ಇಳಿಯಬೇಡಿ. ಮಡಿಕೇರಿಗೆ ವಾಪಸ್ ಹೋಗಿ ಮೂರ್ನಾಡು, ಬೇತ್ರಿ ಮೇಲೆ ವಿರಾಜಪೇಟೆ ಸೇರಿಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಇಲ್ಲೇ ಒಂದು ಸಾಲು ಬರೆಯಿರಿ. ಬೆಳಿಗ್ಗೆ ಹೊಳೆ ನೋಡಿ ತಿಳಿಸುತ್ತೇನೆ.