ಸಹಾಯ ಬೇಕು: 1/35 ವಾಸ್ಪರ್ ಟಾರ್ಪಿಡೊ ಬೋಟ್

ನಮಸ್ಕಾರ. ಬ್ರಿಟನ್ನಿನ ವಾಸ್ಪರ್ ಕಂಪನಿಯ 72 ಅಡಿ 6 ಅಂಗುಲದ ಟಾರ್ಪಿಡೊ ದೋಣಿಯ ಮಾದರಿಯನ್ನು 1/35 ಅಳತೆಯಲ್ಲಿ ಕಟ್ಟುತ್ತಿದ್ದೇನೆ. ಉದ್ದ ಸುಮಾರು 63 ಸೆಂ.ಮೀ., ಊಟದ ಟೇಬಲ್ ಪೂರ್ತಿ ಅದರದ್ದೇ, ಮನೆಯವರ ಸಹನೆ ಮುಗಿಯುತ್ತಾ ಬಂದಿದೆ.

ಮಾಮೂಲಿ ದೋಣಿ ಬೇಡ, ಎಂಟಿಬಿ (ಮೋಟಾರ್ ಟಾರ್ಪಿಡೊ ಬೋಟ್) 74 ಮಾಡೋಣ ಅಂತ ಹೊರಟೆ. 1942ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸೇಂಟ್ ನಜೇರ್ ಬಂದರಿನ ಮೇಲೆ ನಡೆದ ದಾಳಿಗೆ ಹೋಗಿದ್ದು ಇದೇ. ಉಳಿದ ವಾಸ್ಪರ್‌ಗಳಲ್ಲಿ ಟಾರ್ಪಿಡೊ ಕೊಳವೆಗಳು ಎರಡೂ ಪಕ್ಕದಲ್ಲಿದ್ದರೆ, ಇದರಲ್ಲಿ ಮುಂದಿನ ಡೆಕ್ಕಿನ ಮೇಲಿದ್ದವು. ಟಾರ್ಪಿಡೊ ತಡೆಯಲು ನೀರಲ್ಲಿ ಕಟ್ಟುವ ರಕ್ಷಣಾ ಬಲೆ ದಾಟಿಸಿ ಟಾರ್ಪಿಡೊ ಎಸೆಯುವ ಯೋಜನೆ ಅದು. ಹಾಗಾಗಿ ಕಿಟ್ಟಿನ ಕೊಳವೆಗಳನ್ನು ಪಕ್ಕಕ್ಕಿಟ್ಟು ಹೊಸದಾಗಿ ಮಾಡಬೇಕಿದೆ. ವೈರಿಂಗ್ ಪೈಪ್ ಪ್ರಯತ್ನಿಸಿದೆ, ಗೋಡೆ ತುಂಬಾ ದಪ್ಪ. ತೆಳು ಗೋಡೆಯ ಪೈಪ್‌ಗೆ ನೀವು ಏನು ಬಳಸುತ್ತೀರಿ?

ಇನ್ನೊಂದು ಎಡವಟ್ಟು, ಪೂರ್ತಿ ನನ್ನದೇ: ಪ್ರೈಮರ್ ಒಣಗಲಿ ಅಂತ ಒಡಲನ್ನು ಬಾಲ್ಕನಿಯ ಬಿಸಿಲಿಗಿಟ್ಟೆ. ಹಿಂಭಾಗ ಸೊಟ್ಟಗಾಗಿ ಡೆಕ್ ಎರಡು ಮಿ.ಮೀ. ಎದ್ದು ನಿಂತಿದೆ. ಬಿಸಿನೀರಲ್ಲಿ ಅದ್ದಿ ನೇರ ಮಾಡಬಹುದಾ, ಅಥವಾ ಒಳಗೆ ಪ್ಲಾಸ್ಟಿಕ್ ಅಡ್ಡಪಟ್ಟಿ ಕೊಟ್ಟು ಎಳೆಯುವುದೇ ವಾಸಿಯಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಫೋಟೊ ಹಾಕಿದರೆ ಇನ್ನೂ ಉಪಕಾರ.