ಮಾವಿನಹಣ್ಣಿನ ಲಗ್ಗೆ

ದಾವಣಗೆರೆ. ಸಂಜೆ ಹೊತ್ತು, ಮಂಡಕ್ಕಿ ಅಂಗಡಿ ಬೆಂಚು. ಮೆಣಸಿನಕಾಯಿ ಕಟ್ಟಿಕೊಟ್ಟ ಹಳೇ ಪೇಪರಿನ ತಲೆಬರಹದ ಮೇಲೆ ಎಣ್ಣೆ ಹರಡ್ತಾ ಐತಿ: ‘ಮಾರುಕಟ್ಟೆಗೆ ಮಾವು ಲಗ್ಗೆ’.

ಬಸಣ್ಣ: ಮಾವಿನಹಣ್ಣು ಏಣಿ ಹಾಕ್ಕೊಂಡು ಎಪಿಎಂಸಿ ಗೋಡೆ ಹತ್ತಿತೇನಲೇ?

ಖಾದರ್: ಬುಟ್ಟಿಯಾಗೆ ಹುಲ್ಲು ಹಾಸ್ಕೊಂಡು ಮಲಗಿ ಬಂದಿದ್ದಕ್ಕೆ ಲಗ್ಗೆ ಅಂತೆ!

ಶಿವು: ಲಗ್ಗೆ, ದಾಳಿ, ಮುತ್ತಿಗೆ ಎಲ್ಲಾ ಒಂದೇ ಬಿಡ್ರಪ್ಪ.

ಬಸಣ್ಣ: ಒಂದೇನಾ? ದುರ್ಗದ ಕೋಟೆನೇ ತಗಾ, ಏಳು ಸುತ್ತು. ಹೊರಗೆ ಡೇರೆ ಹೊಡೆದು, ಒಳಕ್ಕೆ ಕಾಳುಕಡಿ ಹೋಗದಂಗೆ ದಾರಿ ಕಟ್ಟಿ ಕುಂತ್ರೆ ಮುತ್ತಿಗೆ. ಮುತ್ತಿಗೆ ಹಾಕಿದೋನು ಇನ್ನೂ ಹೊರಗೇ ಅದಾನೆ! ಏಣಿ ಹಚ್ಚಿ ಗೋಡೆ ಏರಿದ್ರೆ ಲಗ್ಗೆ. ಬಾಗಿಲು ಮುರಿದು ಗುಂಪು ಗುಂಪಾಗಿ ಒಳಗೆ ಬಿದ್ರೆ ನುಗ್ಗಿದ್ದು.

ಖಾದರ್: 1779ರಾಗೆ ದುರ್ಗ ಹೈದರಾಲಿ ಕೈಗೆ ಹೋಯ್ತಲ್ಲ, ಅದು?

ಬಸಣ್ಣ: ಅದು ವಶ. ಇವೆಲ್ಲಾ ಮುಗಿದ ಮೇಲಿನ ಮಾತು.

ಶಿವು: ಓಬವ್ವನ ಕಿಂಡಿಗೆ ನುಗ್ಗಿದ್ರು ಅಂತಾರಲ್ಲ?

ಬಸಣ್ಣ: ಹಂಗೆ ಅನ್ನೋನು ಆ ಕಿಂಡಿ ನೋಡಿಲ್ಲ. ಮೈ ಮುದುಡಿ ಒಬ್ಬೊಬ್ರೇ ನುಸುಳಬೇಕು. ನುಸುಳಿದ್ದಕ್ಕೇ ಒಂದು ಒನಕೆ ಸಾಕಾಯ್ತು. ನುಗ್ಗಿದ್ರೆ ಕೇರಿ ಒನಕೆಯೆಲ್ಲಾ ತಂದ್ರೂ ಸಾಲ್ತಿರಲಿಲ್ಲ.

ಮೇಷ್ಟ್ರು: ವಿಭಕ್ತಿನೂ ಬೇರೆ ಕಣ್ರೋ. ಊರಿಗೆ ನುಗ್ಗಬೇಕು, ಊರಿನ ಮೇಲೆ ದಾಳಿ ಮಾಡಬೇಕು, ಊರನ್ನು ಮುತ್ತಬೇಕು. ಅದೇ ‘ಮುತ್ತಿಗೆ’ ಅಂದ್ರೆ ಮತ್ತೆ ಊರಿಗೇ ಹಾಕಬೇಕು. ‘ಊರನ್ನು ದಾಳಿ ಮಾಡಿದರು’ ಅಂತ ಬರೀತಾರಲ್ಲ, ಕೈಗೆ ಬರೆ ಹಾಕಬೇಕು.

ಶಿವು: ಸರಿ ಮೇಷ್ಟ್ರೇ, ಉಣ್ಣೋ ಹೊತ್ತಿಗೆ ಬರೋ ನೆಂಟ್ರಿಗೆ?

ಖಾದರ್: ವಕ್ಕರಿಸಿದ್ರು! ಬಲ ಏನೂ ಬೇಕಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳ್ಕೊಂಡು ಮೆತ್ತಗೆ ಬಂದ್ರೂ ವಕ್ಕರಿಸಿದ್ದೇ. ಎದುರಿಗೆ ಮಾತ್ರ ‘ಈಗ ದಯಮಾಡಿಸಿದ್ರಾ’ ಅನ್ಬೇಕು.

ಶಿವು: ಧುತ್ತನೆ ಬಂದ್ರು ಅಂದ್ರೆ?

ಮೇಷ್ಟ್ರು: ಧುತ್ತನೆ ಅನ್ನೋದು ಕಣ್ಣೆದುರು ಪ್ರತ್ಯಕ್ಷ ಆಗೋಕೆ. ತಿರುವಿನಾಗೆ ಲಾರಿ ಧುತ್ತನೆ ಎದುರಾಗ್ತದೆ. ದಡಕ್ಕನೆ ಒಳಗೆ ಬಂದ ಅಂದ್ರೆ ಮಾತ್ರ ಕದದ ಸದ್ದೂ ಕೇಳಿಸ್ತದೆ.

ಮಾತಿನ ನಡುವೆ ಶಿವು ಕೈ ಬಸಣ್ಣನ ಪೊಟ್ಟಣದ ಹತ್ರ ಬಂತು. ಉಳಿದಿದ್ದು ಒಂದೇ ಮೆಣಸಿನಕಾಯಿ.

ಬಸಣ್ಣ: ಲೇ, ಇದೇನು ಲಗ್ಗೆನಾ?

ಶಿವು: ಮುತ್ತಿಗೆ ಬಸಣ್ಣ. ಇನ್ನೂ ಹೊರಗೇ ಅದೀನಿ.